ಮೂರು ಗೆರೆಯ ರಿವಾಲ್ವರ್

"ಗುರುಗಳೇ, ಸತ್ತುಹೋದ ಕೋಪವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ತಪ್ಪೇನು?" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಮಠಕ್ಕೆ ಬಂದು ವರ್ಷಗಳೇ ಕಳೆದಿದ್ದವು. ತನ್ನ ಮನಸ್ಸನ್ನು ತಾನೇ ಗಮನಿಸುವುದರಲ್ಲಿ ಅವನಷ್ಟು ನುರಿತವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಸಿಡುಕು ಎಲ್ಲಿ ಮುಗಿದು ಸಿಟ್ಟು ಎಲ್ಲಿ ಶುರುವಾಗುತ್ತದೆ, ಮುನಿಸು ಯಾವಾಗ ಹಟವಾಗುತ್ತದೆ, ಹಟ ಯಾವಾಗ ಹಗೆಯಾಗುತ್ತದೆ ಎಂಬುದನ್ನು ಎಳೆ ಎಳೆಯಾಗಿ ಬಿಡಿಸಿ ಹೇಳುತ್ತಿದ್ದ. ಕಿರಿಯ ಶಿಷ್ಯರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅದರ ಬಗ್ಗೆ ಅವನಿಗೆ ಸಣ್ಣದೊಂದು ಹೆಮ್ಮೆಯೂ ಇತ್ತು.

ಅಂದು ಬೆಳಿಗ್ಗೆ ಅವನ ತಮ್ಮ ಊರಿನಿಂದ ಬಂದಿದ್ದ. ತಂದೆ ತೀರಿಕೊಂಡಾಗ ಇಬ್ಬರ ನಡುವೆ ಮಾತಿಗೆ ಮಾತು ಬೆಳೆದು ಬಿಟ್ಟುಹೋದ ಸಂಬಂಧ ಅದು. ಪಾಠದಲ್ಲಿದ್ದೇನೆ, ಈಗ ಸಿಗಲಾರೆ ಎಂದು ಮರುಳಯ್ಯ ಒಳಗಿನಿಂದಲೇ ಹೇಳಿ ಕಳುಹಿಸಿದ್ದ. ಗುರುಗಳಿಗೆ ಇದು ಗೊತ್ತಿರಲಾರದು ಎಂದುಕೊಂಡಿದ್ದ.

"ಅದು ಹಳೆಯ ಕೋಪ, ಗುರುಗಳೇ. ತಮ್ಮನ ಮೇಲಿನದು. ಅದರಲ್ಲಿ ಬಿಸಿ ಉಳಿದಿಲ್ಲ. ಅದು ಹುಟ್ಟಿದ್ದು ಹೇಗೆ, ಯಾವ ಬಗೆಯದು ಎಂಬುದೆಲ್ಲ ನನಗೆ ಗೊತ್ತು. ಆಗಾಗ ತೆಗೆದು ನೋಡಿ ಮತ್ತೆ ಇಡುತ್ತೇನೆ, ಅಷ್ಟೆ."

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಹತ್ತಿಯನ್ನು ಪಕ್ಕಕ್ಕಿಟ್ಟು, "ಕುಳಿತುಕೋ" ಎಂದರು. ಮರುಳಯ್ಯ ಕುಳಿತ. ಅವರು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಬಟ್ಟೆ ವ್ಯಾಪಾರದಲ್ಲಿ ಕೈತುಂಬ ಸಂಪಾದಿಸಿ, ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿದ್ದ. ಅವನಿಗೆ ಒಂದೇ ಒಂದು ಹುಚ್ಚು. ಅಂಗೈಯಲ್ಲಿ ಅಡಗುವಂಥ ಪುಟ್ಟ ಹಳೆಯ ರಿವಾಲ್ವರುಗಳನ್ನು ಕೂಡಿಸುವುದು. ಗುಂಡನ್ನೂ ಮದ್ದನ್ನೂ ಒಂದೇ ತಾಮ್ರದ ತೋಟಾದೊಳಗೆ ಅಡಕ ಮಾಡುವುದನ್ನು ಕಾರ್ಖಾನೆಗಳು ಆಗಷ್ಟೇ ಕಲಿತಿದ್ದ ಕಾಲದವು ಅವು. ಕಿಡಿ ಹೊತ್ತಿಸುವ ಮದ್ದು ಆ ತೋಟಾದ ಅಂಚಿನಲ್ಲಿರುತ್ತಿತ್ತು. ರಿವಾಲ್ವರಿನ ಹಿಂದೆ ತೋಟಾಕ್ಕೆ ಬಡಿಯುವ ಕೊಕ್ಕೆ ನೇರವಾಗಿ ಆ ಅಂಚಿನ ಮೇಲೆಯೇ ಕುಳಿತಿರುತ್ತಿತ್ತು. ಆದ್ದರಿಂದಲೇ ಹಿಂದಿನವರು ತೋಟಾ ತುಂಬುವ ಮನೆಗಳಲ್ಲಿ ಕೊಕ್ಕೆಯ ಕೆಳಗಿನ ಒಂದನ್ನು ಖಾಲಿ ಬಿಡುತ್ತಿದ್ದರು. ಇಲ್ಲವಾದರೆ ಸಣ್ಣ ಏಟು ಬಿದ್ದರೂ ಗುಂಡು ಹಾರಬಹುದಿತ್ತು. ಇದನ್ನು ವರ್ತಕ ಮನೆಗೆ ಬಂದವರಿಗೆಲ್ಲ ವಿವರಿಸುತ್ತಿದ್ದ. ಮರೆಯಬೇಡ, ಇದು ಅವನಿಗೆ ಗೊತ್ತಿತ್ತು.

ಬೇರೆಯವರ ಕಣ್ಣಿಗೆ ಅವೆಲ್ಲ ಒಂದೇ ತಾಯಿಯ ಮಕ್ಕಳು. ಅವನ ಕಣ್ಣಿಗೆ ಮಾತ್ರ ಒಂದರಂತೆ ಇನ್ನೊಂದಿಲ್ಲ. ಒಂದರ ಪಕ್ಕದ ಮುಚ್ಚಳ ದುಂಡಗೆ, ಇನ್ನೊಂದರದು ಸೊಟ್ಟಗೆ. ಒಂದರಲ್ಲಿ ನಳಿಗೆಯನ್ನು ಹಿಡಿದಿಡುವ ಚಿಲಕ ಚೂಪು, ಇನ್ನೊಂದರಲ್ಲಿ ಮೊಂಡು. ಕಾರ್ಖಾನೆಯವರು ಯಾವುದನ್ನು ಮೊದಲು ಮಾಡಿದರು, ಯಾವುದನ್ನು ಆಮೇಲೆ ತಿದ್ದಿದರು ಎಂದು ಅವನು ಹೇಳುತ್ತ ಹೋದರೆ ಕೇಳುವವರಿಗೆ ಆಕಳಿಕೆ ಬರುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವನಿಗೆ ತುಕ್ಕು ಹಿಡಿದ ಹೆಗ್ಗಣಗಳೂ ಮುದ್ದು.

ಇಂಥ ವಸ್ತುಗಳನ್ನು ಕೂಡಿಸುವವರಲ್ಲಿ ಒಂದು ಕಟ್ಟುಪಾಡಿತ್ತು. ಸಿಕ್ಕಿದ್ದು ಸಿಕ್ಕಿದ ಹಾಗೆಯೇ ಇರಬೇಕು. ಬಿಚ್ಚಬಾರದು, ಉಜ್ಜಬಾರದು. ತಿರುಪಿನ ತಲೆಯ ಮೇಲೆ ಹೊಸ ಗೀರು ಬಿದ್ದರೆ ವಸ್ತುವಿನ ಮಾನ ಹೋಯಿತು. ಸಂದಿಯಲ್ಲಿರುವ ಜಿಡ್ಡು ಕೂಡ ಆ ಕಾಲದ್ದೇ ಆಗಿದ್ದರೆ ಅದಕ್ಕೆ ಇನ್ನಷ್ಟು ಗೌರವ. ವರ್ತಕ ಈ ಕಟ್ಟುಪಾಡನ್ನು ವ್ರತದಂತೆ ಪಾಲಿಸುತ್ತಿದ್ದ.

ಅವನ ಬಳಿ ಇಲ್ಲದ್ದು ಒಂದೇ. ಮೊಟ್ಟಮೊದಲು ತಯಾರಾದ ಕೆಲವು ರಿವಾಲ್ವರುಗಳಿಗೆ ನಳಿಗೆಯೊಳಗೆ ಮೂರೇ ಸುರುಳಿ ಗೆರೆ ಕೊರೆದಿದ್ದರಂತೆ. ಆಮೇಲಿನವಕ್ಕೆ ಐದು. ಆ ಮೂರು ಗೆರೆಯದು ತನಗೆ ಸಿಗದೆ ಸಾಯಬಾರದು ಎಂಬುದು ಅವನ ಆಸೆ. ಬಹುಕಾಲ ಹುಡುಕಿದ ಮೇಲೆ ಹಳೆಯ ಮನೆತನವೊಂದರ ಪೆಟ್ಟಿಗೆಯಿಂದ ಒಂದು ಅವನ ಕೈಗೆ ಬಂತು. ಹೊರಗಿನ ಗುರುತುಗಳೆಲ್ಲ ಸರಿಹೊಂದಿದವು. ಒಳಗಿನ ಗೆರೆಗಳನ್ನು ಎಣಿಸುವುದು ಮಾತ್ರ ಉಳಿಯಿತು.

ಚಿಲಕ ಒತ್ತಿ ನಳಿಗೆಯನ್ನು ಮೇಲಕ್ಕೆತ್ತಿದ್ದರೆ ಕೆಲಸ ಸುಲಭವಿತ್ತು. ಆದರೆ ಚಿಲಕದ ಸುತ್ತ ಹಳೆಯ ಜಿಡ್ಡು ಅರಗಿನಂತೆ ಗಟ್ಟಿಯಾಗಿ ಕೂತಿತ್ತು. ಅದನ್ನು ಒಡೆಯಲು ಅವನಿಗೆ ಮನಸ್ಸು ಬರಲಿಲ್ಲ. ನಳಿಗೆಯ ಬಾಯಿಗೆ ತಾನೇ ಹಲವು ಸಲ ಕಣ್ಣಿಟ್ಟು ನೋಡಿದ. ಪೊರೆ ಬಂದ ಕಣ್ಣು. ಕತ್ತಲೆ ಮಾತ್ರ ಕಂಡಿತು.

ಆಯುಧಪೂಜೆಯ ದಿನ ಬಂತು. ವರ್ತಕ ರಿವಾಲ್ವರುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಕುಂಕುಮವನ್ನು ಮೇಜಿಗೆ ಹಚ್ಚಿದ. ಲೋಹಕ್ಕೆ ಹಚ್ಚಿದರೆ ಕಲೆ ಕೂರುತ್ತದಲ್ಲ! ಅಷ್ಟರಲ್ಲಿ ಅವನ ತಮ್ಮ ಬಂದ. ಎರಡು ಬೀದಿ ಆಚೆ ಅವನ ಮನೆ. ಅಣ್ಣನನ್ನು ಹಬ್ಬದ ಊಟಕ್ಕೆ ಕರೆದೊಯ್ಯಲು ಬಂದಿದ್ದ.

"ಬಾ ಬಾ, ನಿನ್ನನ್ನೇ ಕಾಯ್ತಿದ್ದೆ. ನಿನ್ನ ಕಣ್ಣು ಚೆನ್ನಾಗಿದೆ. ಇದರೊಳಗೆ ಎಷ್ಟು ಗೆರೆ ಇದೆ, ಎಣಿಸಿ ಹೇಳು" ಎಂದ ವರ್ತಕ.

ತಮ್ಮ ಹಿಂದೆಮುಂದೆ ನೋಡಿದ. "ಅಣ್ಣಾ, ಅಪ್ಪ ಕೋವಿ ಬಿಚ್ಚಿ, ಒಳಗೆಲ್ಲಾ ಒರೆಸಿ, ಆಮೇಲೆ ತಾನೆ ಕುಂಕುಮ ಇಡ್ತಿದ್ದಿದ್ದು? ಇದನ್ನ ಬಿಚ್ಚಿ ನೋಡಿದೀಯಾ? ಒಳಗೇನಾದ್ರೂ ಇದ್ರೆ?"

ವರ್ತಕ ನಕ್ಕುಬಿಟ್ಟ. "ಹುಚ್ಚಪ್ಪಾ, ಅಪ್ಪನದು ಹಂದಿ ಹೊಡೆಯೋ ಕೋವಿ. ಇದು ನಮ್ಮ ಮುತ್ತಜ್ಜನಿಗಿಂತ ಹಳೇದು. ಇದರೊಳಗೆ ಗುಂಡಿರೋದಿರಲಿ, ಗುಂಡಿನ ನೆನಪೂ ಉಳಿದಿರಲ್ಲ. ನೋಡು."

ಅಣ್ಣನ ಮಾತು. ತಮ್ಮ ಕಿಟಕಿಯ ಬೆಳಕಿಗೆ ಬಗ್ಗಿ ನಳಿಗೆಯ ಬಾಯಿಗೆ ಕಣ್ಣಿಟ್ಟ. ರಿವಾಲ್ವರು ಅಣ್ಣನ ಕೈಯಲ್ಲೇ ಇತ್ತು. ಬೇರೆಯವರ ಕೈಗೆ ಕೊಡುವುದು ಅವನಿಗೆ ಇಷ್ಟವಿರಲಿಲ್ಲ.

"ಕಸ ಅಡ್ಡ ಇದೆ ಅಣ್ಣಾ" ಎಂದ ತಮ್ಮ. ವರ್ತಕ ಭೂತಗನ್ನಡಿಯ ಹಿಡಿಯಿಂದ ರಿವಾಲ್ವರಿನ ಬೆನ್ನಿಗೆ ಮೆಲ್ಲಗೆ ತಟ್ಟಿದ. ಒಂದಷ್ಟು ಧೂಳು ಉದುರಿತು.

"ಹಾಂ, ಈಗ ಕಾಣ್ತಿದೆ. ಒಂದು... ಎರಡು... ಮೂರು. ಮೂರೇ ಅಣ್ಣಾ."

ವರ್ತಕನ ಎದೆ ಕುಣಿಯಿತು. ಇಷ್ಟು ವರ್ಷದ ಆಸೆ ಕೈಗೂಡಿತ್ತು. ಆದರೂ ಮನಸ್ಸು ತಡೆಯಲಿಲ್ಲ. ಇನ್ನೆರಡು ಗೆರೆ ಧೂಳಿನಡಿ ಅಡಗಿದ್ದರೆ? "ಇನ್ನೊಂದ್ಸಲ ನೋಡು" ಎನ್ನುತ್ತ ಮತ್ತೆ ತಟ್ಟಿದ. ಈ ಸಲ ಸ್ವಲ್ಪ ಜೋರಾಗಿಯೇ ತಟ್ಟಿದ. ಏಟು ಕೊಕ್ಕೆಗೆ ಬಿತ್ತು.

ಗುಂಡು ಹಾರಿತು.

ಗುರುಗಳು ಇಲ್ಲಿ ಮಾತು ನಿಲ್ಲಿಸಿದರು. ಈ ಜಾಗಕ್ಕೆ ಬಂದಾಗಲೆಲ್ಲ ಮುಂದೆ ಹೇಳುವುದು ಕಷ್ಟ ಎಂದರು.

ತಮ್ಮ ಒಂದು ಮಾತನ್ನೂ ಆಡದೆ ಕುಸಿದ. ಸದ್ದು ಪಟಾಕಿಯಷ್ಟೇ ಸಣ್ಣದು. ಹಬ್ಬದ ದಿನವಾದ್ದರಿಂದ ಬೀದಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ವರ್ತಕನಿಗೆ ಏನಾಯಿತೆಂದು ತಿಳಿಯಲಿಲ್ಲ. ಮೂರು, ಮೂರೇ ಗೆರೆ ಎಂದು ಅವನ ಮನಸ್ಸು ಇನ್ನೂ ಕುಣಿಯುತ್ತಿತ್ತು. ತಮ್ಮ ನೆಲದ ಮೇಲೆ ಬಿದ್ದಿದ್ದ, ಅಣ್ಣ ನಗುತ್ತಿದ್ದ. ಆ ನಗು ತನ್ನ ಮುಖದ ಮೇಲಿದೆ ಎಂದು ಗೊತ್ತಾದಾಗ ಅವನು ಕಿರುಚಿಕೊಂಡ. ಆಗಲೇ ಮನೆಯವರು ಓಡಿಬಂದದ್ದು. ಎರಡು ಬೀದಿ ಆಚೆ ತಮ್ಮನ ಹೆಂಡತಿ ಇಬ್ಬರಿಗೂ ಎಲೆ ಹಾಕಿ ಬಾಗಿಲ ಕಡೆ ನೋಡುತ್ತಿದ್ದಳು.

ಪೊಲೀಸ್ ಅಧಿಕಾರಿ ಬಂದ. ಚಿಲಕ ಒತ್ತಿ ನಳಿಗೆಯನ್ನು ಮೇಲಕ್ಕೆತ್ತಿದ. ಜಿಡ್ಡು ಪುಡಿಯಾಗಿ ಉದುರಿತು. ಉಳಿದ ಮನೆಗಳೆಲ್ಲ ಖಾಲಿ. ಕೊಕ್ಕೆಯ ಕೆಳಗಿನ ಒಂದರಲ್ಲಿ ಮಾತ್ರ, ಆಗಷ್ಟೇ ಸಿಡಿದ ತೋಟಾದ ಚಿಪ್ಪಿತ್ತು.

"ಇಷ್ಟೆಲ್ಲ ತಿಳಿದವರು ನೀವು. ಒಂದು ಸಲ ಬಿಚ್ಚಿ ನೋಡಬಾರದಿತ್ತೇ?" ಎಂದು ಅಧಿಕಾರಿ ಕೇಳಿದ.

"ಬಿಚ್ಚಿದರೆ ಅದರ ಮಾನ ಹೋಗುತ್ತಿತ್ತು ಸ್ವಾಮಿ" ಎಂದ ವರ್ತಕ. ತಾನಾಡಿದ್ದು ತನ್ನ ಕಿವಿಗೇ ಬಿದ್ದಾಗ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

ಆಮೇಲೆ ಮೇಜಿನ ಮೇಲಿದ್ದ ಉಳಿದವುಗಳನ್ನೂ ಒಂದೊಂದಾಗಿ ಬಿಚ್ಚಿದರು. ಎಲ್ಲ ಖಾಲಿ, ಒಂದರ ಹೊರತು. ಅದರೊಳಗೆ ಸಿಡಿಯದ ತೋಟಾ ಹಾಗೆಯೇ ಇತ್ತು. ಕಾಗದ ಹಾರದಿರಲೆಂದು ವರ್ತಕ ಎಷ್ಟೋ ವರ್ಷ ಭಾರಕ್ಕಿಡುತ್ತಿದ್ದ ರಿವಾಲ್ವರು ಅದು. ಅವನ ಮೊಮ್ಮಗಳು ಅಂಬೆಗಾಲಿಟ್ಟು ಬಂದು ಅದನ್ನು ಎಳೆದಾಡಿ ಬಾಯಿಗಿಟ್ಟುಕೊಳ್ಳುತ್ತಿದ್ದಳು. ಗೀರು ಬಿದ್ದೀತು ಎಂದು ಅವನು ಗದರುತ್ತಿದ್ದ. ಅದರ ಮುಚ್ಚಳ ದುಂಡಗಿತ್ತೆಂದು ಅವನಿಗೆ ಗೊತ್ತಿತ್ತು. ಚಿಲಕ ಮೊಂಡು ಎಂದು ಗೊತ್ತಿತ್ತು. ಅದು ಯಾವ ಸಾಲಿನಲ್ಲಿ ತಯಾರಾದದ್ದು ಎಂದೂ ಗೊತ್ತಿತ್ತು.

ಗುರುಗಳ ಕತೆ ಅಲ್ಲಿಗೆ ನಿಂತಿತು.

ಅಂಗಳದಲ್ಲಿ ಬಿಸಿಲು ಇಳಿಯುತ್ತಿತ್ತು. ಬೆಳಿಗ್ಗೆ ತಾನು ಹೇಳಿ ಕಳುಹಿಸಿದ ಮಾತು ಮರುಳಯ್ಯನಿಗೆ ನೆನಪಾಯಿತು. ಅದನ್ನು ಹೇಳುವಾಗ ಸಣ್ಣದೊಂದು ಸುಖವಾಗಿತ್ತು ಎಂಬುದೂ ನೆನಪಾಯಿತು. ಅದು ಮುನಿಸೋ ಹಟವೋ ಎಂದು ಅವನ ಮನಸ್ಸು ಅಭ್ಯಾಸಬಲದಿಂದ ವಿಂಗಡಿಸಲು ಹೊರಟಿತು. ಅವನು ಅದನ್ನು ಅಲ್ಲೇ ತಡೆದ.

"ಆ ವರ್ತಕ ಆಮೇಲೆ ಏನಾದ, ಗುರುಗಳೇ?" ಎಂದು ಕೇಳಿದ.

ಗುರುಗಳು ಹತ್ತಿಯನ್ನು ಮತ್ತೆ ಕೈಗೆ ತೆಗೆದುಕೊಂಡರು.

"ನಿನ್ನ ತಮ್ಮ ಇನ್ನೂ ಹೆಬ್ಬಾಗಿಲಲ್ಲೇ ನಿಂತಿದ್ದಾನೆ" ಎಂದರು.