ಎಮ್ಮೆಯ ಗಾಳಿಪಂಪು

ಜಿಂಕೆ, ಮೊಲ, ನರಿ, ಎಮ್ಮೆ ಒಟ್ಟಾಗಿ ಮಣ್ಣುದಾರಿ ಹಿಡಿದು ಸೈಕಲ್ ಸವಾರಿ ಹೊರಟವು. ಗಾಳಿ ಹೊಡೆಯುವ ಪಂಪನ್ನು ಹೊತ್ತು ತರಲು ಉಳಿದವಕ್ಕೆ ಮನಸ್ಸಿರಲಿಲ್ಲ. ಎಮ್ಮೆಯೇ ಅದನ್ನು ತನ್ನ ಸೈಕಲ್ಲಿಗೆ ಕಟ್ಟಿಕೊಂಡಿತು. ಹೊಲ, ಹಳ್ಳ, ಪೇಟೆಬೀದಿ ಎಲ್ಲ ಕಡೆಯೂ ಎಮ್ಮೆ ಹಿಂದೆ ಬಿತ್ತು. ಒಬ್ಬರೂ ತಿರುಗಿ ನೋಡಲಿಲ್ಲ.

ಆದರೆ ಗುಡ್ಡದ ಬುಡದಲ್ಲಿ ಮೂರೂ ಕಾಯುತ್ತ ನಿಂತಿದ್ದವು. ಎಮ್ಮೆಗೆ ಕಣ್ಣು ತುಂಬಿ ಬಂತು.

"ನನಗೋಸ್ಕರ ನಿಂತಿರಾ?"

"ನಿನ್ನನ್ನು ಬಿಟ್ಟು ಹೋಗುವುದುಂಟೇನಕ್ಕ?" ಎಂದಿತು ಜಿಂಕೆ. ಜಾಲಿಮುಳ್ಳು ಚುಚ್ಚಿ ಅದರ ಸೈಕಲ್ಲು ಪಂಕ್ಚರ್ ಆಗಿತ್ತು. ಎಮ್ಮೆ ಖುಷಿಯಿಂದಲೇ ತೇಪೆ ಹಾಕಿ, ಏದುಸಿರು ಬಿಡುತ್ತ ಗಾಳಿ ತುಂಬಿತು.

ಗುಡ್ಡ ಹತ್ತುವಾಗ ಎಮ್ಮೆಯ ಸೈಕಲ್ಲಿನ ಚೈನು ತುಂಡಾಯಿತು. ಅದು ಕೂಗಿದ್ದಕ್ಕೆ ಮೂರೂ ಇಳಿದು ಬಂದವು. ನರಿ ಮೆಲ್ಲನೆ ಪಂಪನ್ನು ಬಿಚ್ಚಿಕೊಂಡಿತು.

"ಮುಂದೆ ಇನ್ನೂ ಮುಳ್ಳಿದೆಯಂತೆ ಅಕ್ಕ, ಇದು ನಮಗೆ ಬೇಕಾಗುತ್ತದೆ."

"ಮತ್ತೆ ನಾನು?"

"ನೀನು ನಿಧಾನವಾಗಿ ತಳ್ಳಿಕೊಂಡು ಬಾ. ಹೇಗೂ ನಿನ್ನ ಭಾರ ಇಳಿಸಿದೆವಲ್ಲ," ಎಂದಿತು ಮೊಲ.

ಎಮ್ಮೆ ಮೂವರ ಮುಖವನ್ನೂ ನೋಡಿತು.

"ಹೌದು, ದೊಡ್ಡ ಉಪಕಾರವಾಯಿತು," ಎಂದಿತು.

ಅದು ಮನಸಾರೆ ಹೇಳಿತೆಂದೇ ತಿಳಿದು ಮೂರೂ ಪೆಡಲ್ ತುಳಿದವು.