ಕಂಬಕ್ಕೆ ಎಷ್ಟು ತಿಂಗಳು?

ಹೊಳೆದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ಜಪಕ್ಕಿಂತ ಬಾಣಂತನವೇ ಹೆಚ್ಚು.

ಅಲ್ಲಿನ ಗುರು ನೀಲಗಂಗಮ್ಮ ಎಂಬ ಹಿರಿಯ ತಾಯಿ. ಸುತ್ತಲ ಊರಿನವರಿಗೆಲ್ಲ ಅವರು ಅವ್ವಾರು. ಹಿಂದೆ ಬಸುರು ನಿಲ್ಲದೆ ಹೋದವರು, ಕೈಕಾಲು ಬಾತವರು, ದಿನ ತುಂಬುವ ಮೊದಲೇ ಹೆತ್ತು ಕೂಸನ್ನು ಕಳಕೊಂಡವರು ಅವರ ಬಾಗಿಲಿಗೆ ಬರುತ್ತಿದ್ದರು.

ಒಳಗಿನ ಕೂಸು ಹೇಗೆ ಬೆಳೆಯುತ್ತದೆ, ಕೆಲವು ಕೂಸುಗಳು ನಡುವೆಯೇ ಯಾಕೆ ಬೆಳೆಯುವುದನ್ನು ನಿಲ್ಲಿಸುತ್ತವೆ ಎಂಬುದೇ ಅವ್ವಾರ ಜೀವಮಾನದ ಹುಡುಕಾಟ.

ಅವರ ಶಿಷ್ಯೆ ಚಂಪಕ್ಕ. ಬಲು ಜಾಣೆ. ಒಂದು ಹೇಳಿದರೆ ಹತ್ತು ತಿಳಿದುಕೊಳ್ಳುವವಳು, ಆ ಹತ್ತರಲ್ಲಿ ಹೇಳಿದ ಒಂದು ಮಾತ್ರ ಇರುತ್ತಿರಲಿಲ್ಲ. ಇಂಥವರಿಗೆ ಕಲಿಸುವ ಕಷ್ಟ ದೇವರಿಗೇ ಪ್ರೀತಿ.

ಆಶ್ರಮದಲ್ಲಿ ಬಸುರಿಯರನ್ನು ನೂಲಿನಿಂದ ಅಳೆಯುತ್ತಿದ್ದರು. ಒಬ್ಬೊಬ್ಬಳಿಗೆ ಒಂದೊಂದು ನೂಲು. ಹೊಕ್ಕಳ ಮೇಲೆ ಹಾಯಿಸಿ ಹೊಟ್ಟೆಗೆ ಸುತ್ತುವುದು, ನೂಲು ಕೂಡಿದಲ್ಲಿ ಒಂದು ಗಂಟು ಹಾಕುವುದು. ಮುಂದಿನ ವಾರ ಹೊಸ ಗಂಟು ಹಳೆಯದನ್ನು ದಾಟಿದರೆ ಕೂಸು ಬೆಳೆದಿದೆ ಎಂದು ಲೆಕ್ಕ.

ಕೆಲಸ ಒಪ್ಪಿಸಿದ ದಿನ ಅವ್ವಾರು ಅಂಗಳದ ಕಲ್ಲುಕಂಬ ತೋರಿಸಿದರು. ಅದು ತುಂಬು ಬಸುರಿಯ ನಡುವಿನಷ್ಟೇ ದಪ್ಪವಿತ್ತು.

"ಪ್ರತಿ ಸಲ ಮೊದಲ ಈ ಕಂಬ ಅಳಿ. ಇದಕ್ಕೂ ಒಂದು ನೂಲು ಇಡು. ಬಸರಿ ನೂಲಿಗೆ ಏನ್ ಮಾಡ್ತಿ, ಕಂಬದ ನೂಲಿಗೂ ಅದನ್ನ ಮಾಡು."

ಚಂಪಕ್ಕ ಕಂಬ ನೋಡಿದಳು, ಗುರುವಿನ ಮುಖ ನೋಡಿದಳು.

"ಅವ್ವಾರ, ಕಂಬ ಬೆಳಿತೈತೇನ್ರಿ?"

"ಇಲ್ಲ."

"ಮತ್ತ ಯಾಕ ಅಳಿಬೇಕ್ರಿ?"

"ಬೆಳಿಯೂದಿಲ್ಲ ಅಂತನ."

ಚಂಪಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ಇಲ್ಲಿ ಒಂದು ನೆಟ್ಟಗಿನ ಉತ್ತರ ಸಿಗುವುದಿಲ್ಲವಲ್ಲ ಎಂದು ಗೊಣಗಿಕೊಂಡೇ ಕಂಬಕ್ಕೆ ನೂಲು ಸುತ್ತಿದಳು.

ಸ್ವಲ್ಪ ದಿನದಲ್ಲಿ ಹೊಳೆಯಾಚೆಯ ಊರಿನಿಂದ ಕರೆ ಬಂತು. ಅವಳಿ ಹೊತ್ತ ಹೆಣ್ಣುಮಗಳೊಬ್ಬಳು ಜ್ವರ ಬಂದು ಮಲಗಿದ್ದಳು. ಅವ್ವಾರು ದೋಣಿ ಹತ್ತಿ ಹೋದವರು ವಾರಗಟ್ಟಲೆ ಅಲ್ಲಿಯೇ ಉಳಿದರು.

ಆಶ್ರಮ ಚಂಪಕ್ಕನ ಕೈಗೆ ಬಂತು. ಅವಳ ಕಣ್ಣಿಗೆ ಮೊದಲು ಚುಚ್ಚಿದ್ದು ಗೂಟಕ್ಕೆ ತೂಗುಹಾಕಿದ್ದ ನೂಲುಗಳು. ಬೆವರು, ಎಣ್ಣೆ, ಅರಿಸಿನ ಮೆತ್ತಿಕೊಂಡು ಹೊಲಸಾಗಿದ್ದವು. ಮಡಿಯೆಂದರೆ ಪ್ರಾಣ ಬಿಡುವ ಮನೆಯಿಂದ ಬಂದವಳು ಅವಳು. ಪ್ರತಿ ವಾರ ಅಳತೆ ಮುಗಿದ ಮೇಲೆ ಎಲ್ಲ ನೂಲನ್ನೂ ಅಂಟುವಾಳದ ನೀರಿನಲ್ಲಿ ಹಾಕಿ ಕುದಿಸತೊಡಗಿದಳು. ಗುರುವಿನ ಮಾತು ಮೀರಬಾರದಲ್ಲ, ಕಂಬದ ನೂಲನ್ನೂ ಕುದಿಸಿದಳು.

ಕಂಬ ಅಳೆಯುವಾಗ ಮಾತ್ರ ಅವಳ ಮುಖ ಬೇರೆ ಕಡೆ ಇರುತ್ತಿತ್ತು. ಸುತ್ತುವಳು, ಗಂಟು ಹಾಕುವಳು, ಗೂಟಕ್ಕೆ ಎಸೆಯುವಳು. ಆ ನೂಲನ್ನು ಅವಳು ಒಂದು ಸಲವೂ ಕಣ್ಣಿಟ್ಟು ನೋಡಲಿಲ್ಲ.

ಆಗ ಆಶ್ರಮಕ್ಕೆ ಬರುತ್ತಿದ್ದವರಲ್ಲಿ ದ್ಯಾಮವ್ವ ಒಬ್ಬಳು. ಎರಡು ಬಸುರು ಕೈಗೆ ಬಾರದೆ ಹೋಗಿದ್ದವು. ಇದು ಮೂರನೆಯದು. ಇದೂ ಹೋದರೆ ತಾನು ಉಳಿಯುವುದಿಲ್ಲ ಎಂದು ಅವಳು ಬಾಯಿಬಿಟ್ಟೇ ಹೇಳಿದ್ದಳು.

ಒಂದು ದಿನ ಅಳತೆಗೆ ಮಲಗಿದವಳು ಹೇಳಿದಳು: "ಅಕ್ಕಾರ, ಕೂಸು ಮೊದಲಿನಂಗ ಆಡವಲ್ದರಿ."

ಚಂಪಕ್ಕ ನೂಲು ಎತ್ತಿ ತೋರಿಸಿದಳು. "ಇಲ್ಲಿ ನೋಡು. ಗಂಟು ಮುಂದ ಹೋಗೈತಿ. ಛಲೋ ಬೆಳ್ಯಾಕತ್ತೈತಿ."

ಮುಂದಿನ ವಾರ ದ್ಯಾಮವ್ವ ಅದನ್ನೇ ಹೇಳಿದಳು. ಚಂಪಕ್ಕ ನೂಲನ್ನೇ ತೋರಿಸಿದಳು.

ಅದರ ಮುಂದಿನ ವಾರ ಚಂಪಕ್ಕನ ಸಹನೆ ಮುಗಿಯಿತು. "ಎಷ್ಟು ಸಲ ಹೇಳ್ಲಿ ನಿನಗ? ನೂಲು ಸುಳ್ಳು ಹೇಳ್ತೈತೇನು?"

ದ್ಯಾಮವ್ವನ ಸಹನೆಯೂ ಮುಗಿದಿತ್ತು. "ನೂಲು ನಿಮ್ಮ ಕೈಯಾಗ ಐತ್ರಿ ಅಕ್ಕಾರ. ಕೂಸು ನನ್ನ ಹೊಟ್ಟ್ಯಾಗ ಐತಿ."

ಹೆದರಿದವರ ಮಾತು ಎಂದು ಚಂಪಕ್ಕ ಅದನ್ನು ಅಲ್ಲಿಗೇ ಬಿಟ್ಟಳು.

ದ್ಯಾಮವ್ವನ ಮನೆಯಲ್ಲಿ ಕುಬಸದ ಶಾಸ್ತ್ರ, ಅಂದರೆ ಸೀಮಂತ, ಮುಗಿಯಿತು. ಇನ್ನು ಸೊಸೆಯನ್ನು ತವರಿಗೆ ಕಳಿಸಬೇಕು. ಅತ್ತೆ ಕಲ್ಲವ್ವ ಗಾಡಿ ಕಟ್ಟಿಸಿಕೊಂಡು ಆಶ್ರಮದ ಬಾಗಿಲಿಗೇ ಬಂದಳು. ತವರಿಗೆ ಹೋಗುವ ದಾರಿ ಗುಡ್ಡ ಹತ್ತಿ ಇಳಿಯುತ್ತದೆ. ಗಟ್ಟಿಮುಟ್ಟಾದವರ ಎಲುಬು ಕೂಡ ಸಡಿಲಾಗುವಂಥ ಕಲ್ಲಿನ ದಾರಿ ಅದು.

"ಕರಕೊಂಡು ಹೋಗಬಹುದೇನ್ರಿ ಅಕ್ಕಾರ?" ಎಂದು ಕಲ್ಲವ್ವ ಕೇಳಿದಳು.

"ಹೋಗ್ರಿ. ಕೂಸು ಗುಂಡುಕಲ್ಲಿನಂಗ ಐತಿ," ಎಂದಳು ಚಂಪಕ್ಕ.

ಪುಣ್ಯಕ್ಕೆ ಅದೇ ಹೊತ್ತಿಗೆ ದೋಣಿ ದಂಡೆ ಮುಟ್ಟಿತು. ಅವ್ವಾರು ಮೆಟ್ಟಿಲು ಹತ್ತಿ ಬಂದರು. ಗಾಡಿ ನೋಡಿದರು. ಗಾಡಿಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತ ದ್ಯಾಮವ್ವನನ್ನೂ ನೋಡಿದರು.

"ಇಕಿ ಯಾಕ ಅಳಾಕತ್ತಾಳ?"

"ಸುಮ್ಮನ ಹೆದರತಾಳ್ರಿ," ಎಂದಳು ಚಂಪಕ್ಕ. "ಕೂಸು ಆಡವಲ್ದು ಅಂತಾಳ. ನೂಲು ನೋಡಿದ್ರ ವಾರವಾರಕ್ಕ ಬೆಳದೈತಿ."

"ನೂಲು ತಾ."

ಚಂಪಕ್ಕ ತಂದುಕೊಟ್ಟಳು. ಗಂಟುಗಳು ಸಾಲಾಗಿ ಮುಂದೆ ಹೋಗಿದ್ದವು. ಅವ್ವಾರು ತಲೆಯಾಡಿಸಿದರು.

"ಕಂಬದ ನೂಲು ತಾ."

"ಅದ್ಯಾಕ್ರಿ ಅವ್ವಾರ, ಬಾಗಿಲಾಗ ಗಾಡಿ ನಿಂತೈತಿ..."

"ತಾ ಅಂದ್ರ ತಾ!"

ಚಂಪಕ್ಕ ಅದನ್ನೂ ತಂದಳು. ಅವ್ವಾರು ಎರಡೂ ನೂಲನ್ನು ಜಗಲಿಯ ಮೇಲೆ ಒಂದರ ಪಕ್ಕ ಒಂದು ಹಾಸಿದರು.

ಕಂಬದ ನೂಲಿನಲ್ಲೂ ಗಂಟುಗಳು ಸಾಲಾಗಿ ಮುಂದೆ ಹೋಗಿದ್ದವು. ದ್ಯಾಮವ್ವನ ಹೊಟ್ಟೆ ಎಷ್ಟು ಬೆಳೆದಿತ್ತೋ ಕಂಬವೂ ಅಷ್ಟೇ ಬೆಳೆದಿತ್ತು.

ಅವ್ವಾರು ಎರಡೂ ನೂಲಿನ ಗಂಟುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಸಾವಕಾಶ ಕೇಳಿದರು.

"ಚಂಪಾ, ಕಂಬಕ್ಕ ಎಷ್ಟು ತಿಂಗಳು?"

ಕಲ್ಲವ್ವ ಕಿಸಕ್ಕನೆ ನಕ್ಕಳು. ಚಂಪಕ್ಕನ ಮುಖ ನೋಡಿದ ಮೇಲೆ ನಗು ನಿಲ್ಲಿಸಿದಳು.

"ನೂಲಿಗೆ ಏನ್ ಮಾಡಿದಿ?"

"ತೊಳದೇನ್ರಿ. ಪ್ರತಿ ವಾರ ಕುದಿಸಿ ತೊಳದೇನ್ರಿ..." ಹೇಳುತ್ತಿದ್ದಂತೆ ಚಂಪಕ್ಕನಿಗೆ ಹೊಳೆಯಿತು. ಕುದಿಸಿದಾಗಲೆಲ್ಲ ನೂಲು ಗಿಡ್ಡವಾಗಿತ್ತು. ಹಳೆಯ ಗಂಟುಗಳು ಹಿಂದಕ್ಕೆ ಸರಿದು, ಹೊಸ ಗಂಟು ತಾನಾಗಿ ಮುಂದೆ ಬಿದ್ದಿತ್ತು. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು.

ಅವಳು ಅಲ್ಲಿಯೇ ಕೂತುಬಿಟ್ಟಳು.

"ಆಮ್ಯಾಲ ಕೂಡುವಂತಿ," ಎಂದು ಅವ್ವಾರು ರೇಗಿದರು. "ಮೊದಲ ಆಕಿನ್ನ ಇಳಸು."

ಕಲ್ಲವ್ವ ಗಾಡಿಗೆ ಅಡ್ಡ ನಿಂತಳು. "ಬೀಗರು ಹಾದಿ ಕಾಯಾಕತ್ತಾರ್ರಿ ಅವ್ವಾರ. ಅವರಿಗೆ ಏನ್ ಹೇಳ್ಲಿ?"

"ಕೂಸು ಬೇಕೋ, ಬೀಗರ ಊಟ ಬೇಕೋ ಅಂತ ಕೇಳು."

ಕಲ್ಲವ್ವ ಎತ್ತು ಬಿಚ್ಚಿಸಿದಳು.

ಅವ್ವಾರು ದ್ಯಾಮವ್ವನನ್ನು ಒಳಗೆ ಮಗ್ಗುಲಾಗಿ ಮಲಗಿಸಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟರು. ಕಣ್ಣು ಮುಚ್ಚಿದರು. ಕೊನೆಗೆ ಒಳಗಿನಿಂದ ಮೆಲ್ಲಗೆ ಒಂದು ಒದೆ ಬಂತು.

"ಅದಾನ," ಎಂದರು ಅವ್ವಾರು. "ಸೊರಗ್ಯಾನ, ಆದ್ರ ಅದಾನ."

ದ್ಯಾಮವ್ವ ಗಟ್ಟಿಯಾಗಿ ಅತ್ತಳು. ಈ ಸಲ ಯಾರೂ ಅವಳಿಗೆ ಸುಮ್ಮನಿರು ಎನ್ನಲಿಲ್ಲ.

ಅವ್ವಾರು ಹಿತ್ತಿಲಿಗೆ ಬಂದರೆ ಚಂಪಕ್ಕ ಎಲ್ಲ ನೂಲನ್ನೂ ಒಟ್ಟುಮಾಡಿ ಒಲೆಗೆ ಹಾಕಲು ನಿಂತಿದ್ದಳು.

"ಏನಿದು?"

"ಇನ್ನ ನೂಲು ಮುಟ್ಟೂದಿಲ್ಲರಿ. ಇನ್ನ ಮ್ಯಾಲ ಬರೇ ಕೈ, ಬರೇ ಮನಸು."

ಅವ್ವಾರು ಹಣೆ ಚಚ್ಚಿಕೊಂಡರು. "ಅಯ್ಯ ನನ್ನ ಕರ್ಮವೇ! ನಿನ್ನೆತನಕ ನೂಲು ದೇವರು, ಇವತ್ತು ನೂಲು ದೆವ್ವ. ಆ ನೂಲು ನಿನಗೇನ್ ಮಾಡೈತಿ? ಕಂಬದ ಹತ್ತರ ಬಂದು, ನಾ ಗಿಡ್ಡ ಆಗೇನಿ ಅಂತ ವಾರವಾರ ಒದರೈತಿ. ನೀ ಆಕಡೆ ಮುಖ ಮಾಡಿ ನಿಂತಿದ್ದಿ."

ಚಂಪಕ್ಕ ನೂಲುಗಳನ್ನು ಒಲೆಯಿಂದ ದೂರ ಇಟ್ಟಳು.

"ಹೊಸ ನೂಲು ತಗೋ. ಅಳಿಯೂಕಿಂತ ಮೊದಲ ಕುದಸು. ಇನ್ನ ಗಿಡ್ಡ ಆಗೂದಿಲ್ಲ ಅನ್ನೂತನಕ ಕುದಸು. ಆಮ್ಯಾಲ ಕಂಬ. ಆಮ್ಯಾಲ ದ್ಯಾಮವ್ವ."

ದ್ಯಾಮವ್ವ ಆಶ್ರಮದಲ್ಲೇ ಉಳಿದಳು. ನೀರು ಹೊರುವಂತಿಲ್ಲ, ಬೀಸುವಂತಿಲ್ಲ. ಮಗ್ಗುಲಾಗಿ ಮಲಗಬೇಕು, ಹೊತ್ತುಹೊತ್ತಿಗೆ ಹಾಲು, ತುಪ್ಪ, ಗಂಜಿ. ಚಂಪಕ್ಕ ಪಕ್ಕದಲ್ಲೇ ಕೂತು, ಕೂಸು ಆಡಿತೇ, ಎಷ್ಟು ಹೊತ್ತಿನ ಹಿಂದೆ ಆಡಿತು ಎಂದು ಕೇಳುತ್ತಿದ್ದಳು. ಕೇಳಿ ಕೇಳಿ ದ್ಯಾಮವ್ವನಿಗೆ ಬೇಸರ ಬಂತು.

"ಅಕ್ಕಾರ, ಮೊದಲ ನಾ ಹೇಳಿದ್ರೂ ಕೇಳ್ತಿರಲಿಲ್ಲ. ಈಗ ಮಲಗಾಕೂ ಬಿಡವಲ್ರಿ."

ಹೊಸ ನೂಲಿನಲ್ಲಿ ಕಂಬದ ಗಂಟು ಕದಲಲಿಲ್ಲ. ದ್ಯಾಮವ್ವನ ಗಂಟು ಒಂದು ವಾರ ಕೂದಲೆಳೆಯಷ್ಟು ಸರಿಯಿತು, ಇನ್ನೊಂದು ವಾರ ಸರಿಯಲೇ ಇಲ್ಲ.

"ಉಳಿತೈತೇನ್ರಿ ಅವ್ವಾರ?" ಎಂದು ಚಂಪಕ್ಕ ಕೇಳಿದಳು.

"ಗೊತ್ತಿಲ್ಲ."

"ಇಷ್ಟು ವರ್ಷ ಅಳದೀರಿ. ನಿಮಗೂ ಗೊತ್ತಿಲ್ಲೇನ್ರಿ?"

"ಗೊತ್ತಿಲ್ಲ ಅಂತನ ಇಷ್ಟು ವರ್ಷ ಅಳಿಯಾಕತ್ತೀನಿ."

ದಿನ ತುಂಬುವ ಮೊದಲೇ, ಒಂದು ಬೆಳಗಿನ ಜಾವ ದ್ಯಾಮವ್ವ ಹೆತ್ತಳು. ಅವ್ವಾರು ಗಂಡೆಂದುಕೊಂಡಿದ್ದರು, ಬಂದದ್ದು ಹೆಣ್ಣು. ಅಂಗೈ ಮೇಲೆ ಹಿಡಿಸುವಂಥ ಸುಕ್ಕುಚರ್ಮದ ಕೂಸು. ಅತ್ತರೆ ಬೆಕ್ಕಿನ ಮರಿಯ ದನಿ.

ಅವ್ವಾರು ಕೂಸನ್ನು ತಾಯಿಯ ಎದೆಗೆ ಒತ್ತಿ ಸೀರೆಯಿಂದ ಕಟ್ಟಿದರು. "ಬಿಚ್ಚಬ್ಯಾಡ," ಎಂದಷ್ಟೇ ಹೇಳಿದರು.

ಅಲ್ಲಿಂದ ಮುಂದಿನ ದಿನಗಳಲ್ಲಿ ಆಶ್ರಮದಲ್ಲಿ ಯಾರಿಗೂ ಊಟ ಸೇರಲಿಲ್ಲ. ಕೂಸು ಹಾಲು ಚೀಪಲು ಸೋಲುತ್ತಿತ್ತು. ಹನಿಹನಿಯಾಗಿ ಬಾಯಿಗೆ ಬಿಡಬೇಕಾಗಿತ್ತು. ಬೀಗರೆದುರು ಮಾನ ಹೋಯಿತೆಂದು ಎಗರಾಡಿದ್ದ ಕಲ್ಲವ್ವ ಈಗ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

ಚಂಪಕ್ಕ ಕೂಸಿನ ಎದೆಗೂ ಒಂದು ನೂಲು ಇಟ್ಟಿದ್ದಳು. ಮೊದಲ ವಾರ ಹೊಸ ಗಂಟು ಹಳೆ ಗಂಟಿನ ಮೇಲೇ ಬಿತ್ತು. ಅವಳು ಹೊಳೆಯ ಕಡೆ ಹೋಗಿ ಕೂತಳು.

ಮುಂದಿನ ವಾರ ಅವಳು ಅಂಗಳಕ್ಕೆ ಓಡಿ ಬಂದಳು. ಕೈಯಲ್ಲಿ ನೂಲು ಇತ್ತು, ಕಣ್ಣಲ್ಲಿ ನೀರಿತ್ತು.

"ಅವ್ವಾರ! ಗಂಟು ದಾಟೈತ್ರಿ! ಕೂಸು ಬೆಳದೈತಿ!"

ಅವ್ವಾರು ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಕಂಬ?"

"ಮೊದಲ ಕಂಬಾನ ಅಳದೇನ್ರಿ. ಇದ್ದಲ್ಲೇ ಐತಿ. ಒಂದು ಎಳೀನೂ ಸರಿದಿಲ್ಲ."

ಅವ್ವಾರ ಕೈ ನಿಂತಿತು. ಮುಖದಲ್ಲಿ ನಗು ಬಂದಂತಾಯಿತು, ಅಷ್ಟರಲ್ಲೇ ಹುಬ್ಬು ಗಂಟಿಕ್ಕಿತು.

"ಕಂಬಾನ ಕೇಳಿದಿ, ಛಲೋ ಆತು. ಹಡದಾಕಿನ್ನ ಕೇಳಿದಿಯೇನು?"