ಕಂಬಿ ಹೊತ್ತವನ ಕಾಲಿನ ಆಣಿ

ಚನಮಲ್ಲಪ್ಪ ಹೆಗಲ ಮೇಲೆ ಕಂಬಿ ಹೊತ್ತುಕೊಂಡೇ ಅರವಟ್ಟಿಗೆಯ ತಗಡಿನ ನೆರಳಿಗೆ ಬಂದ. ಕೂರಲಿಲ್ಲ. ಬಲಗಾಲಿನ ಹಿಮ್ಮಡಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತು ನೀರು ಕೇಳಿದ. ಕುಡಿಯುವಾಗಲೂ ಕಣ್ಣು ರಸ್ತೆಯ ಮೇಲಿತ್ತು. ಶ್ರೀಶೈಲಕ್ಕೆ ಹೊರಟಿದ್ದ ಅವನ ಊರಿನ ಪಾದಯಾತ್ರಿಗಳು ಆಗಲೇ ಗಂಟು ಎತ್ತಿಕೊಳ್ಳುತ್ತಿದ್ದರು.

ನೀರು ಕೊಟ್ಟವರು ಗುರುಸಿದ್ಧವ್ವ ತಾಯಿಯವರು. ಆ ಬಯಲಿನಲ್ಲಿ ಬಿದಿರು ಗಳುಗಳ ಮೇಲೆ ಎರಡು ತಗಡು, ಒಂದು ಒಲೆ, ಒಂದಷ್ಟು ಮಡಕೆ. ಅದೇ ಅವರ ಮಠ. ಯುಗಾದಿಗೆ ಮುಂಚೆ ಜನ ನಡೆದು ಬರುವ ಕಾಲದಲ್ಲಿ ಅವರು ನೀರು ಕೊಡುತ್ತಿದ್ದರು, ನಡೆದು ಒಡೆದ ಕಾಲುಗಳನ್ನು ತೊಳೆಯುತ್ತಿದ್ದರು. ಬಂದವರ ಮುಖವನ್ನು ಆಮೇಲೆ ನೋಡುತ್ತಿದ್ದರು.

"ಕಾಲಿಗೇನಾತು?" ಎಂದರು.

"ಆಣಿ ರೀ, ಅವ್ವಾರ. ಏನಿಲ್ಲ. ಹೊಂಟೆ."

ಹಿಂದಿನಿಂದ ಫಕೀರವ್ವ ನಕ್ಕಳು. ಚನಮಲ್ಲಪ್ಪನ ಊರಿನ ಮುದುಕಿ. "ಏನಿಲ್ಲಂತ! ಚನಮಲ್ಲಣ್ಣ, ನಿನ್ನ ನಡಿಗಿ ನೋಡಿದ್ರ ಹೊಸಾ ಸೊಸಿ ಹೊಸ್ತಿಲಾ ದಾಟಿಧಂಗ ಐತಿ. ನಿನ್ನೆ ಬ್ಲೇಡಿಲೆ ಕೆತ್ತಿಕೊಂಡಾನ್ರಿ ತಾಯಿ. ರಗತ ಬಂತು, ಆಣಿ ಹಂಗ ಕುಂತೈತಿ."

"ನೀ ಸುಮ್ನಿರಬೇ."

ಆ ಊರಿನ ಕಟ್ಟಳೆ ಬಿಗಿ. ಕಂಬಿಯೆಂದರೆ ಹೆಗಲ ಮೇಲೆ ಹೊರುವ ಅಡ್ಡಗೋಲು, ಅದಕ್ಕೆ ದೇವರ ಬಟ್ಟೆ, ಪೂಜೆಯ ಸಾಮಾನು ಕಟ್ಟಿರುತ್ತಾರೆ. ಹೊತ್ತವನು ಬರಿಗಾಲಲ್ಲಿ ನಡೆಯಬೇಕು. ಮನೆತನದವರಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ಕಂಬಿ ನೆಲಕ್ಕೆ ತಾಗಿದರೆ ಮುಗಿಯಿತು, ಆ ಮನೆಗೆ ಮತ್ತೆ ಕಂಬಿಯಿಲ್ಲ. ದಣಿದಾಗ ಮರದ ಕವಲಿಗೆ ಸಿಕ್ಕಿಸಿ ಕೂರುತ್ತಾರೆ. ಅಲ್ಲಿ ಮರವಿರಲಿಲ್ಲ. ತಗಡಿನ ಕೆಳಗಿನ ಗಳುಗಳು ಆ ಭಾರ ತಾಳುವಂಥವಲ್ಲ.

ಚನಮಲ್ಲಪ್ಪ ಅಂದು ಬೆಳಿಗ್ಗೆಯಿಂದ ಆಗಾಗ ಮುಗ್ಗರಿಸಿದ್ದ.

ಪಕ್ಕದಲ್ಲಿ ತಮ್ಮ ರಾಚಪ್ಪ ನಿಂತಿದ್ದ. ಅವನೂ ಅದೇ ಮನೆಯವನು, ಬರಿಗಾಲಲ್ಲೇ ನಡೆದು ಬಂದವನು. ತಂದೆ ತೀರಿದ ಮೇಲೆ ಕಂಬಿ ಅವನ ಹೆಗಲಿಗೆ ಒಮ್ಮೆಯೂ ಬಂದಿರಲಿಲ್ಲ. ಅಣ್ಣ ಕೊಡುತ್ತಿರಲಿಲ್ಲ.

"ಕುಂದ್ರು," ಎಂದರು ತಾಯಿಯವರು.

"ನಿಂತಲ್ಲೇ ಏನರ ಹಚ್ಚರಿ. ಮಂದಿ ಹೊಂಟಾರ."

"ಕುಂತ್ರ ಔಷಧ."

ಡೊಳ್ಳು ಬಡಿಯಿತು. ಜನ ರಸ್ತೆಗಿಳಿದರು. ಚನಮಲ್ಲಪ್ಪ ನೆರಳು ದಾಟಿ ಅತ್ತ ಒಂದು ಹೆಜ್ಜೆ ಇಟ್ಟ. ಕಾಲು ಊರಲಾಗಲಿಲ್ಲ. ಕಂಬಿಯ ತುದಿ ವಾಲಿತು. ರಾಚಪ್ಪ ಎರಡೂ ಕೈ ಚಾಚಿದ, ಆದರೆ ಮುಟ್ಟಲಿಲ್ಲ.

"ಅಣ್ಣಾ, ಕೊಡು."

ಚನಮಲ್ಲಪ್ಪ ರಸ್ತೆ ನೋಡಿದ, ತಮ್ಮನನ್ನು ನೋಡಿದ. ಹೆಗಲಿಂದ ಹೆಗಲಿಗೆ ಕಂಬಿ ಜಾರಿಸಿದ. "ಹಿಡ್ಕೊ, ಅಷ್ಟ. ಇಲ್ಲಿಂದ ಅಳ್ಳಾಡಬ್ಯಾಡ," ಎಂದ. ನೆರಳಿಗೆ ಬಂದು ಕೂತ.

ತಾಯಿಯವರು ಬೋಗುಣಿಗೆ ಬಿಸಿನೀರು ಸುರಿದು ತಮ್ಮ ಕೈಯಿಟ್ಟು ನೋಡಿದರು. ಕಲ್ಲುಪ್ಪು ಹಾಕಿ ಅವನ ಕಾಲನ್ನು ಅದರಲ್ಲಿ ಅದ್ದಿದರು. ಬ್ಲೇಡಿನ ಗಾಯಕ್ಕೆ ಉಪ್ಪು ತಾಕಿ ಅವನು ಹಲ್ಲು ಕಚ್ಚಿದ. ಸ್ವಲ್ಪ ಹೊತ್ತಿಗೇ ಕಾಲೆಳೆಯಲು ನೋಡಿದ.

"ಸಾಕೇನ್ರಿ?"

"ಮೆತ್ತಗಾಗ್ಲಿ."

ಮತ್ತೆ ಕೇಳಿದ. ತಾಯಿಯವರು ಬೋಗುಣಿಗೆ ಇನ್ನಷ್ಟು ಬಿಸಿನೀರು ಸುರಿದರು. ಡೊಳ್ಳಿನ ಸದ್ದು ಸಣ್ಣದಾಗುತ್ತಿತ್ತು. ಅವನು ಕತ್ತು ಹೊರಳಿಸಿ ಕಂಬಿ ನೋಡುತ್ತಿದ್ದ, ರಸ್ತೆ ನೋಡುತ್ತಿದ್ದ, ಮತ್ತೆ ಕಂಬಿ ನೋಡುತ್ತಿದ್ದ.

ತಾಯಿಯವರು ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಒರೆಸಿದರು. ಅವನು ಹೌಹಾರಿ ಎಳೆದುಕೊಳ್ಳಹೋದ. ಅವರು ಬಿಡಲಿಲ್ಲ. ಗಾಯವಾದ ಕಡೆ ಬಿಟ್ಟು, ಸುತ್ತಲ ಜಡ್ಡನ್ನು ಸವೆದ ಇಟ್ಟಿಗೆ ಚೂರಿನಿಂದ ಹಗುರಾಗಿ ಉಜ್ಜಿದರು. ಬೆಚ್ಚಗೆ ಮಾಡಿದ ಹರಳೆಣ್ಣೆ ಹಚ್ಚಿದರು. ಹಳೆಯ ಸೀರೆಯ ಅಂಚು ಹರಿದು, ಕೊಡದ ಕೆಳಗಿಡುವ ಸಿಂಬೆಯಂತೆ ಸಣ್ಣದಾಗಿ ಸುತ್ತಿ, ಆಣಿ ನಡುವಿನ ತೂತಿಗೆ ಬರುವಂತೆ ಕಟ್ಟಿದರು. ಇನ್ನು ಕಾಲೂರಿದರೆ ಭಾರ ಸಿಂಬೆಗೆ, ಆಣಿಗಲ್ಲ.

"ಬಟ್ಟಿ ಬ್ಯಾಡ್ರಿ ಅವ್ವಾರ. ಬರಿಗಾಲ ಹರಕಿ. ಕೆಡ್ತದ."

"ಹೆಗಲ ಮ್ಯಾಲೆ ಬಟ್ಟಿ ಇಟ್ಕೊಂಡೀಯಲ್ಲ. ಅದಕ ಕೆಡಲಿಲ್ಲೇನು?"

ಅವನು ಸಿಂಬೆಯನ್ನು ಬೆರಳಿನಿಂದ ಒತ್ತಿ ನೋಡಿದ. ಕೇಳಿದ, "ಇದರ ಬೇರು ಕಿತ್ತು ಬರ್ತದೇನ್ರಿ? ಬೇರು ತಗಿಯೂ ಮಟ ಹೋಗೂದಿಲ್ಲ ಅಂತಾರ."

ತಾಯಿಯವರು ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದರು. ಅವನ ಬಲ ಹೆಗಲ ಬಟ್ಟೆ ಸರಿಸಿದರು. ಅಲ್ಲಿಯೂ ಕಾಲಿನಲ್ಲಿದ್ದಷ್ಟೇ ದಪ್ಪ ಜಡ್ಡು. ಎಡ ಹೆಗಲು ನುಣುಪಾಗಿತ್ತು.

"ಒಂದ ಮಗ್ಗಲಾ ಭಾರ ಹೊತ್ತಿ. ಒಂದ ಕಾಲು ತುಳೀತು. ಬೇರು ಕಾಲಾಗ ಇಲ್ಲೋ ಯಪ್ಪಾ. ಹೆಗಲ ಮ್ಯಾಲೈತಿ."

ಇಷ್ಟು ಹೇಳಿ ಬೋಗುಣಿಯ ನೀರು ಚೆಲ್ಲಲು ಎದ್ದರು.

ಚನಮಲ್ಲಪ್ಪ ನಿಂತ. ಕಾಲೂರಿದ. ನೋವು ಇತ್ತು, ತಾಳುವಷ್ಟು. ಕಂಬಿ ತೆಗೆದುಕೊಳ್ಳಲು ಕೈ ಹೋಯಿತು. ರಾಚಪ್ಪ ಬಿಸಿಲಿನಲ್ಲಿ ನಿಂತಲ್ಲೇ ನಿಂತಿದ್ದ, ಅಣ್ಣ ಹೇಳಿದಂತೆ ಅಳ್ಳಾಡದೆ. ಬೆವರು ಕಣ್ಣಿಗಿಳಿದರೂ ಕೈ ಬಿಟ್ಟು ಒರೆಸಿಕೊಂಡಿರಲಿಲ್ಲ. ತುಟಿಗಳು ಶ್ರೀಶೈಲದ ಮಲ್ಲಯ್ಯನ ಹೆಸರು ಹೇಳುತ್ತಿದ್ದವು.

ಚನಮಲ್ಲಪ್ಪನ ಕೈ ನಿಂತಿತು. ತನ್ನ ಹೆಗಲ ಬಟ್ಟೆ ತೆಗೆದು ಮಡಚಿ, ತಮ್ಮನ ಹೆಗಲಿಗೂ ಕೋಲಿಗೂ ನಡುವೆ ತೂರಿಸಿದ.

"ನಡಿ, ರಾಚಪ್ಪ," ಎಂದ.

"ನಾನಾ? ಎಲ್ಲಿ ಮಟಾ?"

"ನಡಿ ಅಂದೆ."

ತಾಯಿಯವರಿಗೆ ಅಡ್ಡಬೀಳಲು ಅವನು ಹಿಂದಕ್ಕೆ ಬಂದ. ಅವರು ಆಗಲೇ ಬೇರೆ ಯಾರದೋ ಕಾಲು ತೊಳೆಯುತ್ತಿದ್ದರು. "ಮನ್ಯಾಗೂ ಹಿಂಗ ಮಾಡು. ಬ್ಲೇಡ್ ಮುಟ್ಟಬ್ಯಾಡ," ಎಂದಷ್ಟೇ ಹೇಳಿದರು.

ಆ ವರ್ಷ ಕಂಬಿ ರಾಚಪ್ಪನ ಹೆಗಲ ಮೇಲೆ ಶ್ರೀಶೈಲ ಸೇರಿತು. ಚನಮಲ್ಲಪ್ಪ ಅದರ ಹಿಂದೆ ನಡೆದು ಹೋದ. ಮಳೆಗಾಲ ಮುಗಿಯುವುದರೊಳಗೆ ಆಣಿ ಕರಗಿತು.